ಬೆಂಗಳೂರಿಗೆ ಹೋದಾಗ ಎಲ್ಲಿ ತಿನ್ನುವುದು, ಏನು ಕೇಳುವುದು?

ದ್ವಿತೀಯ ಪಿಯುಸಿ ಮುಗಿಯುತ್ತಿದ್ದಂತೆ ನಮ್ಮಲ್ಲಿ ಹಲವರು ಮೊದಲ ಬಾರಿಗೆ ಒಬ್ಬರೇ ಬೆಂಗಳೂರು ಬಸ್ಸು ಹತ್ತುತ್ತಾರೆ. ಸಿಇಟಿ ದಾಖಲೆಗಳ ಕೆಲಸ, ಸಂದರ್ಶನ, ಸೇರಬೇಕೆಂದಿರುವ ಕಾಲೇಜನ್ನು ನೋಡಿ ಬರುವುದು, ಹೀಗೆ ಏನಾದರೊಂದು ಇರುತ್ತದೆ. ಅಂಕಪಟ್ಟಿ, ಫೋಟೋ, ಜೆರಾಕ್ಸ್ ಎಲ್ಲವನ್ನೂ ಜೋಡಿಸಿಕೊಳ್ಳುತ್ತಾರೆ. ಊಟದ ಬಗ್ಗೆ ಮಾತ್ರ ಯಾರೂ ಯೋಚಿಸಿರುವುದಿಲ್ಲ. ಹೋಟೆಲಿನೊಳಗೆ ಹೋದರೆ ಏನು ಕೇಳಬೇಕು, ಬಿಲ್ ಎಷ್ಟಾದೀತು ಎಂಬ ಅಳುಕಿನಿಂದ ಬಿಸ್ಕತ್ತು, ಬಾಳೆಹಣ್ಣಿನಲ್ಲೇ ದಿನ ಕಳೆದು ಬರುವವರಿದ್ದಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ನಿಂತರೆ ತಲೆ ಸುತ್ತದೆ ಇರುತ್ತದೆಯೇ? ಮನೆಯವರು ಕೊಟ್ಟ ದುಡ್ಡು ಜೇಬಿನಲ್ಲಿ ಹಾಗೆಯೇ ಇರುತ್ತದೆ.

ಅಳುಕಬೇಕಾದ ಕಾರಣವಿಲ್ಲ. ನಮ್ಮಂಥವರಿಗಾಗಿಯೇ ಇರುವ ಹೋಟೆಲುಗಳೆಂದರೆ ದರ್ಶಿನಿಗಳು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಈ ಮಾದರಿ ಊರೆಲ್ಲ ಹಬ್ಬಿತು. ಕುರ್ಚಿಯಿಲ್ಲ, ಮಾಣಿಯಿಲ್ಲ, ನಿಂತೇ ತಿನ್ನಬೇಕು. ಅದಕ್ಕಾಗಿಯೇ ದರ ಕಡಿಮೆ. ಅಡುಗೆ ಕಣ್ಣೆದುರಿಗೇ ನಡೆಯುವುದರಿಂದ ಹೋಟೆಲಿನ ಶುಚಿತ್ವವನ್ನು ನೀವೇ ನೋಡಿ ತೀರ್ಮಾನಿಸಬಹುದು. ಹೊಸಬರು ಎಡವುವುದು ಒಂದೇ ಕಡೆ. ಅವರು ನೇರವಾಗಿ ತಿಂಡಿ ಕೊಡುವ ಕೌಂಟರಿಗೆ ಹೋಗಿ ನಿಲ್ಲುತ್ತಾರೆ, ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮೊದಲು ಕ್ಯಾಷ್ ಕೌಂಟರಿನಲ್ಲಿ ಹಣ ಕೊಟ್ಟು ಚೀಟಿ ಪಡೆಯಬೇಕು. ಆ ಚೀಟಿಯನ್ನು ಒಳಗಿನವರ ಕಣ್ಣಿಗೆ ಬೀಳುವಂತೆ ಇಟ್ಟು, ಬೇಕಾದ ತಿಂಡಿಯ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಮೆಲ್ಲಗೆ ಹೇಳುವವನ ದೋಸೆ ತಡವಾಗುತ್ತದೆ!

ಇನ್ನು ಭಾಷೆ. ನಮ್ಮ ಕರಾವಳಿಯ ಸಜ್ಜಿಗೆ ಅಲ್ಲಿ ಉಪ್ಪಿಟ್ಟು. ಅದಕ್ಕೇ ತರಕಾರಿ, ಮಸಾಲೆ ಪುಡಿ ಬಿದ್ದರೆ ಖಾರಾಬಾತ್. ನಮ್ಮ ಶಿರಾ ಅಲ್ಲಿ ಕೇಸರಿಬಾತ್. ಎರಡನ್ನೂ ಒಂದೇ ತಟ್ಟೆಯಲ್ಲಿ ಕೊಟ್ಟರೆ ಚೌಚೌ ಬಾತ್. ‘ಡಿಪ್ಪಾ?’ ಎಂದು ಕೇಳಿದರೆ ಗಾಬರಿಯಾಗಬೇಡಿ, ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡಬೇಕೇ ಎಂದು ಅರ್ಥ. ‘ಬೈ ಟೂ’ ಎಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದು. ಇಬ್ಬರು ಸ್ನೇಹಿತರಿದ್ದರೆ ಇದು ನಾಚಿಕೆಯ ವಿಷಯವೇ ಅಲ್ಲ, ದುಡ್ಡಿದ್ದವರೂ ಹಾಗೆಯೇ ಕುಡಿಯುತ್ತಾರೆ. ಸಾಂಬಾರು ಸ್ವಲ್ಪ ಸಿಹಿಯಿರುತ್ತದೆ, ಬೆಲ್ಲ ಹಾಕಿರುತ್ತಾರೆ. ಬನ್ಸ್ ಮಾತ್ರ ಕೇಳಬೇಡಿ, ಬ್ರೆಡ್ಡಿನ ಬನ್ ತಂದುಕೊಟ್ಟಾರು.

ಏನು ಕೇಳಬೇಕು ಎಂಬುದಕ್ಕೆ ನನ್ನದು ಒಂದೇ ಸೂತ್ರ: ಆ ಹೊತ್ತಿಗೆ ಯಾವುದು ಬೇಗ ಬೇಗ ಖಾಲಿಯಾಗುತ್ತಿದೆಯೋ ಅದನ್ನೇ ಕೇಳಿ. ಬೆಳಿಗ್ಗೆ ಇಡ್ಲಿ, ವಡೆ, ಖಾರಾಬಾತ್. ಮಧ್ಯಾಹ್ನ ರೈಸ್ ಬಾತ್ ಅಥವಾ ಅನ್ನ ಸಾಂಬಾರ್. ಸಂಜೆ ದೋಸೆ. ಬೋರ್ಡಿನಲ್ಲಿ ಗೋಬಿ ಮಂಚೂರಿಯಿಂದ ಪನೀರಿನವರೆಗೆ ನೂರು ಹೆಸರುಗಳಿರಬಹುದು. ಆದರೆ ಇಡ್ಲಿ ಹೋಟೆಲಿನಲ್ಲಿ ಪನೀರು ಕೇಳುವುದು ಬೇಡ.

ಹೆಸರಾಂತ ಹಳೆಯ ಹೋಟೆಲುಗಳೂ ಈ ಸೂತ್ರದ ಮೇಲೆಯೇ ನಿಂತಿವೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಅಲ್ಲಿ ಸಿಗುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ನಂಥ ಕೆಲವೇ ತಿಂಡಿಗಳು. ಸಾಂಬಾರು ಇಲ್ಲ, ಚಟ್ನಿ ಬೇಕಾದಷ್ಟು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಗರಿಗರಿಯಾದ ದಪ್ಪ ಮಸಾಲೆ ದೋಸೆಗಳನ್ನು ಮಾಣಿ ಕೈಮೇಲೆ ಸಾಲಾಗಿ ಪೇರಿಸಿಕೊಂಡು ಬರುವುದೇ ನೋಡುವಂಥದ್ದು. ಶುಕ್ರವಾರ ಅದಕ್ಕೂ ರಜೆ, ನೆನಪಿರಲಿ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಶುರುವಾದದ್ದು 1924ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿ ರವಾ ಇಡ್ಲಿ ಹುಟ್ಟಿತು ಎಂದು ಆ ಹೋಟೆಲಿನವರು ಹೇಳುತ್ತಾರೆ. ಅಲ್ಲಿ ಕಾಯಬೇಕು, ಬಿಲ್ಲೂ ಸ್ವಲ್ಪ ಜಾಸ್ತಿ. ಕೆಲಸದ ಮೇಲೆ ಹೋದ ದಿನ ಬೇಡ.

ಕೆಲಸ ಕೆಇಎ ಕಚೇರಿಯಲ್ಲಿದ್ದರೆ ನೀವು ಅದೃಷ್ಟವಂತರು. ಅದು ಮಲ್ಲೇಶ್ವರದ ಸಂಪಿಗೆ ರಸ್ತೆಯ 18ನೇ ಕ್ರಾಸಿನಲ್ಲಿದೆ. ನಡೆದು ಹೋಗುವಷ್ಟು ಹತ್ತಿರದಲ್ಲಿ, ಮಾರ್ಗೋಸಾ ರಸ್ತೆಯ 15ನೇ ಕ್ರಾಸಿನ ಬಳಿ ವೀಣಾ ಸ್ಟೋರ್ಸ್ ಎಂಬ ಪುಟ್ಟ ಅಂಗಡಿಯಿದೆ. ಜನ ಫುಟ್‌ಪಾತ್ ಮೇಲೆ ನಿಂತು ಇಡ್ಲಿ ತಿನ್ನುತ್ತಿರುತ್ತಾರೆ. ಅದೇ ರಸ್ತೆಯಲ್ಲಿ ಕೆಳಗೆ 7ನೇ ಕ್ರಾಸಿನಲ್ಲಿ ಸಿಟಿಆರ್, ಅಂದರೆ ಈಗಿನ ಶ್ರೀ ಸಾಗರ್, ಬೆಣ್ಣೆ ಮಸಾಲೆ ದೋಸೆಗೆ ಹೆಸರುವಾಸಿ. ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಿ. ಮೊದಲೇ ಹೋದರೆ ಬೆಣ್ಣೆಗೆ ನಿದ್ದೆ ಬರುತ್ತದೆ. ಕೈಯಲ್ಲಿ ದುಡ್ಡು ತೀರಾ ಕಡಿಮೆಯಿದ್ದರೆ ಇಂದಿರಾ ಕ್ಯಾಂಟೀನ್ ಹುಡುಕಿ. 2017ರಲ್ಲಿ ಸರ್ಕಾರ ಇವನ್ನು ಆರಂಭಿಸಿದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ನಿಗದಿ ಮಾಡಿತ್ತು.

ಮಾಂಸದೂಟ ಬೇಕೆನಿಸಿದರೆ ಸಂಜೆ ಶಿವಾಜಿನಗರಕ್ಕೆ ಹೋಗಿ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಗಲ್ಲಿಗಳಲ್ಲಿ ಕೆಂಡದ ಮೇಲೆ ಸೀಖ್ ಕಬಾಬ್, ಈರುಳ್ಳಿ ತುಂಬಿದ ತೆಳು ಸಮೋಸ, ಸುಲೈಮಾನಿ ಚಹಾ ಸಿಗುತ್ತವೆ. ಇಲ್ಲೂ ಅದೇ ಮಾತು: ಜನ ಎಲ್ಲಿ ಮುತ್ತಿಕೊಂಡಿದ್ದಾರೋ ಅಲ್ಲಿನ ಕಬಾಬು ಆಗಷ್ಟೇ ಸುಟ್ಟದ್ದಾಗಿರುತ್ತದೆ. ಊರಿನ ಇನ್ನೊಂದು ವಿಶೇಷ ದೊನ್ನೆ ಬಿರಿಯಾನಿ. ನಮ್ಮ ಬಿರಿಯಾನಿಯಂತೆ ಮಸಾಲೆ ಬೇರೆ, ಅನ್ನ ಬೇರೆ ಇರುವುದಿಲ್ಲ. ಪುದೀನ, ಕೊತ್ತಂಬರಿ ಅರೆದು ಹಾಕಿದ ಹಸಿರು ಬಣ್ಣ, ಸಣ್ಣ ಅಕ್ಕಿ, ಬಡಿಸುವುದು ದೊನ್ನೆಯಲ್ಲಿ. ಮಿಲಿಟರಿ ಹೋಟೆಲುಗಳಲ್ಲಿ ಇದು ಸಿಗುತ್ತದೆ. ಅಲ್ಲಿ ಮಾಂಸ ಹಲಾಲೇ ಎಂದು ತಿನ್ನುವ ಮೊದಲು ಕೇಳಿಬಿಡಿ. ದಿನಕ್ಕೆ ಹತ್ತು ಮಂದಿ ಕೇಳುವ ಪ್ರಶ್ನೆ, ಯಾರೂ ತಪ್ಪು ತಿಳಿಯುವುದಿಲ್ಲ. ಇಲ್ಲವೆಂದರೆ ಪಕ್ಕದ ದರ್ಶಿನಿ ಇದ್ದೇ ಇದೆ.

ರಾತ್ರಿ ಬಸ್ಸಿಗೆ ವಾಪಸಾಗುವವರು ಬಿರಿಯಾನಿಯನ್ನು ಮಧ್ಯಾಹ್ನಕ್ಕೇ ಮುಗಿಸಿ, ಹೊರಡುವಾಗ ಮೊಸರನ್ನವೋ ಎರಡು ಇಡ್ಲಿಯೋ ತಿನ್ನಿ. ಶಿರಾಡಿ ಘಾಟಿಯ ತಿರುವುಗಳಲ್ಲಿ ತುಂಬಿದ ಹೊಟ್ಟೆ ಸುಮ್ಮನಿರುವುದಿಲ್ಲ. ಮನೆಗೆ ಏನಾದರೂ ಒಯ್ಯಬೇಕೆಂದಿದ್ದರೆ ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ 1902ರಿಂದ ಇರುವ ಆಲ್ಬರ್ಟ್ ಬೇಕರಿಯ ಖೋವಾ ನಾನ್ ಕಟ್ಟಿಸಿಕೊಳ್ಳಿ. ಬೇಕರಿ ತೆರೆಯುವುದು ಮಧ್ಯಾಹ್ನದ ಮೇಲೆ, ಬೆಳಿಗ್ಗೆ ಹೋದರೆ ಬಾಗಿಲು ನೋಡಿ ಬರಬೇಕಾಗುತ್ತದೆ.