ಹಳೆಯ ಜೀಪನ್ನು ಕೊಳ್ಳುವ ಮುನ್ನ

ಕೊಡಗಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಕಾಣಸಿಗುತ್ತವೆ. ಹೊಸ ಗಾಡಿಗಿಂತ ಎಷ್ಟೋ ಕಡಿಮೆ ಬೆಲೆಗೆ ಅವು ಕೈಸೇರುವುದೂ ಉಂಟು. ಕಾಲೇಜು ಮುಗಿಸಿ ತೋಟದ ಕೆಲಸಕ್ಕೆ ಇಳಿಯುವ ತರುಣರಿಗೆ ಅವುಗಳ ಮೇಲೆ ಆಸೆ ಹುಟ್ಟುವುದು ಸಹಜವೇ. ಆದರೆ ಬೆಲೆಗಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಕಕ್ಕಡ ಮಾಸದ ಜಡಿಮಳೆಯಲ್ಲಿ, ಘಾಟಿಯ ಇಳಿಜಾರಿನಲ್ಲಿ, ಈ ಗಾಡಿಯು ನಮ್ಮನ್ನು ಕ್ಷೇಮವಾಗಿ ಇಳಿಸೀತೆ? ಇದಕ್ಕೆ ಉತ್ತರವನ್ನು ನಾವು ಶಾಲೆಯಲ್ಲಿ ಕಲಿತ ಭೌತ ಮತ್ತು ರಸಾಯನ ಶಾಸ್ತ್ರಗಳಿಂದಲೇ ಕಂಡುಕೊಳ್ಳಬಹುದು.

ಜೀಪು ಹುಟ್ಟಿದ್ದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದ್ದವು. 1940ರ ದಶಕ ಕಳೆಯುವ ಮೊದಲೇ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಆ ಕಾಲದಲ್ಲಿ ಷೆವ್ರೊಲೆ, ಡಾಜ್, ಪ್ಲಿಮತ್‌ನಂಥ ದೊಡ್ಡ ಅಮೆರಿಕನ್ ಕಾರುಗಳೂ ನಮ್ಮ ದೇಶದಲ್ಲಿ ಓಡಾಡುತ್ತಿದ್ದವು. ಆದರೆ 1960ರ ಷೆವ್ರೊಲೆ ಇಂಪಾಲದ ಉದ್ದ 5 ಮೀಟರಿಗೂ ಹೆಚ್ಚು. ಯುದ್ಧಕಾಲದ ಜೀಪಿನದು ಸುಮಾರು ಮೂರೂಕಾಲು ಮೀಟರ್ ಮಾತ್ರ. ಕಿರಿದಾದ ತಿರುವುಗಳ ತೋಟದ ದಾರಿಗೆ ಯಾವುದು ಒಗ್ಗುವುದೆಂಬುದನ್ನು ವಿವರಿಸಬೇಕಾಗಿಲ್ಲ.

ಆ ಮೊದಲ ಜೀಪಿನ ಎಂಜಿನಿನ ಸಾಮರ್ಥ್ಯ 60 ಅಶ್ವಶಕ್ತಿಯಷ್ಟೆ. ಆದರೂ ಅದು ಕಡಿದಾದ ಗುಡ್ಡವನ್ನು ಹತ್ತುವುದು ಹೇಗೆ? ಹಲ್ಲುಚಕ್ರಗಳ ನೆರವಿನಿಂದ. ಮೊದಲನೆಯ ಗೇರಿನಲ್ಲಿ ವೇಗವು 2.66 ಪಟ್ಟು ತಗ್ಗುತ್ತದೆ. ಇಳಿಗೇರಿನ ಪೆಟ್ಟಿಗೆಯಲ್ಲಿ ಮತ್ತೆ 1.97 ಪಟ್ಟು, ಅಚ್ಚಿನಲ್ಲಿ 4.88 ಪಟ್ಟು. ಇವನ್ನು ಗುಣಿಸಿದರೆ 25ಕ್ಕೂ ಹೆಚ್ಚಾಗುತ್ತದೆ. ಎಂದರೆ ಎಂಜಿನು 25 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಘರ್ಷಣೆಯಲ್ಲಿ ನಷ್ಟವಾಗುವುದನ್ನು ಕಳೆದರೆ, ತಿರುಗಿಸುವ ಬಲವು ಹೆಚ್ಚುಕಡಿಮೆ ಅಷ್ಟೇ ಪಟ್ಟು ಬೆಳೆಯುತ್ತದೆ. ಹಾರೆಯಿಂದ ಬಂಡೆಯನ್ನು ಮೀಟುವವನೂ ಇದೇ ತತ್ತ್ವವನ್ನು ಬಳಸುತ್ತಾನೆ.

ಹತ್ತುವುದಕ್ಕಿಂತ ಇಳಿಯುವುದು ಅಪಾಯಕರ. ಮಡಿಕೇರಿಯಿಂದ ಸಂಪಾಜೆಯ ಮಾರ್ಗವಾಗಿ ಸುಳ್ಯದ ಕಡೆಗೆ ಸಾಗುವಾಗ ನಾವು ಸುಮಾರು 1,000 ಮೀಟರ್ ಕೆಳಗಿಳಿಯುತ್ತೇವೆ. ಹೇರು ಸೇರಿ 1,500 ಕಿಲೋಗ್ರಾಂ ತೂಗುವ ಜೀಪು ಇಷ್ಟು ಇಳಿಯುವಾಗ ಕಳೆದುಕೊಳ್ಳುವ ಶಕ್ತಿಯೆಲ್ಲ ಶಾಖವಾದರೆ, 45 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಬಲ್ಲದು! ಈ ಹೊರೆಯನ್ನು ಬ್ರೇಕುಗಳ ಮೇಲೆಯೇ ಹಾಕಿದರೆ ಬ್ರೇಕಿನ ಡ್ರಮ್ಮುಗಳು ಕಾದು ಹಿಗ್ಗುತ್ತವೆ, ಲೈನಿಂಗಿನ ಹಿಡಿತ ಸಡಿಲುತ್ತದೆ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರಿಕೊಂಡಿದ್ದರೆ ಕಡಿಮೆ ಉಷ್ಣತೆಯಲ್ಲೇ ಕುದಿದು ಆವಿಯಾಗುತ್ತದೆ. ಆಗ ಪೆಡಲನ್ನು ಎಷ್ಟು ತುಳಿದರೂ ಗಾಡಿ ನಿಲ್ಲದು. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಕೊಳವೆಯ ಮಾರ್ಗವಿರುವುದರಿಂದ ಒಂದೆಡೆ ಸೋರಿದರೆ ಎಲ್ಲ ಬ್ರೇಕುಗಳೂ ಕೈಕೊಡುತ್ತವೆ. ಆದ್ದರಿಂದ ಗಾಡಿಯನ್ನು ನೋಡುವಾಗ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಬೇಕು. ಅದು ಮೆಲ್ಲನೆ ಕುಸಿದರೆ ಎಲ್ಲಿಯೋ ದೋಷವಿದೆಯೆಂದೇ ಅರ್ಥ. ಬ್ರೇಕು ಸರಿಯಾಗಿದ್ದರೂ, ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿದು ಎಂಜಿನಿಗೇ ತಡೆಯುವ ಕೆಲಸವನ್ನು ಹಂಚುವುದು ಲೇಸು.

ಇನ್ನು ತುಕ್ಕಿನ ವಿಚಾರ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಕೂಡಿ ತುಕ್ಕಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿ, ಪದರ ಪದರವಾಗಿ ಉಬ್ಬಿ ಕಳಚುವುದರಿಂದ, ಒಳಗಿನ ಲೋಹಕ್ಕೆ ಅದು ಕಾವಲಾಗದು. ಗಾಡಿಯ ಭಾರವನ್ನೆಲ್ಲ ಹೊರುವ ಚಾಸಿಯ ತೊಲೆಗಳ ಸಂದಿನಲ್ಲಿ ಕೆಸರು ಕುಳಿತರೆ ಬೇಸಿಗೆಯಲ್ಲೂ ತೇವ ಆರುವುದಿಲ್ಲ. ಗಾಡಿಯಡಿ ನುಸುಳಿ, ಸಣ್ಣ ಸುತ್ತಿಗೆಯಿಂದ ತೊಲೆಯನ್ನು ಉದ್ದಕ್ಕೂ ತಟ್ಟಿ ನೋಡಬೇಕು. ಗಟ್ಟಿ ಲೋಹ ಖಣಿಲೆನ್ನುತ್ತದೆ. ಟೊಳ್ಳಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಎಚ್ಚರದಿಂದ ನೋಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಎಂಜಿನನ್ನು ತಣ್ಣಗಿರುವಾಗಲೇ ನಡೆಸಿ ನೋಡಬೇಕು. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆ, ಪಿಸ್ಟನ್ನಿನ ಉಂಗುರಗಳೋ ಕವಾಟದ ಭಾಗಗಳೋ ಸವೆದಿವೆ. ಪೆಟ್ರೋಲು ಎಂಜಿನಿನ ಹೊಗೆ ಕಪ್ಪಾಗಿದ್ದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಕಾದ ಮೇಲೂ ಬಿಳಿಯ ಹೊಗೆ ನಿಲ್ಲದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ನೀರು ಸಿಲಿಂಡರಿಗೆ ಸೋರುತ್ತಿರಬಹುದು.

ಅನೇಕ ಜೀಪುಗಳಲ್ಲಿ ಮೂಲ ಪೆಟ್ರೋಲು ಎಂಜಿನನ್ನು ತೆಗೆದು ಡೀಸೆಲ್ ಎಂಜಿನನ್ನು ಕೂರಿಸಿರುತ್ತಾರೆ. ಇಂಥ ಮಾರ್ಪಾಟನ್ನು ಸಾರಿಗೆ ಕಚೇರಿಯು ಒಪ್ಪಿ ನೋಂದಣಿ ಪತ್ರದಲ್ಲಿ ನಮೂದಿಸಿರಬೇಕು. ಎಂಜಿನಿನ ಮತ್ತು ಚಾಸಿಯ ಸಂಖ್ಯೆಗಳು ಪತ್ರಕ್ಕೆ ತಾಳೆಯಾಗಬೇಕು. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ಆಮೇಲೆ ತಪಾಸಣೆಯಲ್ಲಿ ತೇರ್ಗಡೆಯಾದರೆ 5 ವರ್ಷಗಳಿಗೊಮ್ಮೆ ನವೀಕರಿಸಬಹುದು.

ಖರ್ಚಿನ ಲೆಕ್ಕವನ್ನೂ ಮರೆಯಲಾಗದು. ತಿಂಗಳಿಗೆ 600 ಕಿಲೋಮೀಟರ್ ಓಡಾಟವಿದೆಯೆನ್ನೋಣ. ಲೀಟರಿಗೆ 15 ಕಿಲೋಮೀಟರ್ ಓಡುವ ಗಾಡಿಗೆ 40 ಲೀಟರ್ ಸಾಕು; 8 ಕಿಲೋಮೀಟರ್ ಓಡುವುದಕ್ಕೆ 75 ಲೀಟರ್ ಬೇಕು. ವರ್ಷಕ್ಕೆ 420 ಲೀಟರುಗಳ ಅಂತರ! ಅಗ್ಗವಾಗಿ ಕೊಂಡುದರಿಂದ ಉಳಿದ ಹಣ ಹೀಗೆ ಕರಗಿಹೋಗಬಹುದು.

ಹಾಗಾದರೆ ಹಳೆಯ ಜೀಪು ಬೇಡವೆ? ಹಾಗೆಂದು ನಾವು ಹೇಳುವುದಿಲ್ಲ. ಪರೀಕ್ಷೆಯ ಕ್ರಮ ಮಾತ್ರ ತಪ್ಪಬಾರದು: ಮೊದಲು ಚಾಸಿ, ಬಳಿಕ ಬ್ರೇಕು, ಆಮೇಲೆ ಎಂಜಿನು ಮತ್ತು ಕಾಗದಪತ್ರ, ಕಟ್ಟಕಡೆಗೆ ಬಣ್ಣ. ಎಂಜಿನನ್ನು ಬಿಚ್ಚಿ ದುರಸ್ತಿ ಮಾಡಬಹುದು, ಬ್ರೇಕಿನ ಭಾಗಗಳನ್ನು ಬದಲಿಸಬಹುದು. ತುಕ್ಕು ತಿಂದ ಚಾಸಿಯನ್ನು ಹಸನು ಮಾಡುವುದಕ್ಕಿಂತ ಬೇರೆ ಗಾಡಿಯನ್ನು ಹುಡುಕುವುದೇ ಮೇಲು. ಅನುಭವಸ್ಥ ಮೆಕ್ಯಾನಿಕರೊಬ್ಬರನ್ನು ಜೊತೆಗೆ ಕರೆದೊಯ್ದು ಅರ್ಧ ದಿನ ವ್ಯಯಿಸಿದರೆ ನಷ್ಟವೇನಿಲ್ಲ. ಆ ಅರ್ಧ ದಿನದಲ್ಲಿ ಹಣವಷ್ಟೇ ಅಲ್ಲ, ಪ್ರಾಣವೂ ಉಳಿದೀತು.