ರಾಮದೇವರ ಬೆಟ್ಟದ ರಣಹದ್ದುಗಳೂ ಕುರುಚಲು ಕಾಡಿನ ಚರಿತ್ರೆಯೂ

ಬೆಂಗಳೂರಿನ ನೈಋತ್ಯಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, ಅರ್ಕಾವತಿಯ ದಡದ ರಾಮನಗರವನ್ನು ಸುತ್ತುವರಿದಿರುವ ಬೋಳುಬಂಡೆಯ ಬೆಟ್ಟಗಳು ಭೂವಿಜ್ಞಾನಿಗಳಿಗೆ ಚಿರಪರಿಚಿತವಾದುವು. ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡ ಈ ಶಿಲೆಯನ್ನು ಅವರು ಊರಿನ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಈ ಬೆಟ್ಟಗಳಲ್ಲೊಂದಾದ ರಾಮದೇವರ ಬೆಟ್ಟದ 346 ಹೆಕ್ಟೇರುಗಳಷ್ಟು ಪ್ರದೇಶವನ್ನು 2012ರಲ್ಲಿ ಕರ್ನಾಟಕ ಸರ್ಕಾರವು ರಣಹದ್ದುಗಳ ವನ್ಯಜೀವಿಧಾಮವೆಂದು ಘೋಷಿಸಿತು. ಅಲ್ಲಿಗೆ ಬರುವವರಲ್ಲಿ ಬಹುಮಂದಿ 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಬಂಡೆಗಳನ್ನು ಅರಸಿ ಬರುವವರೇ ಹೊರತು ಹಕ್ಕಿಗಳನ್ನಲ್ಲ. ಅದಿರಲಿ. ಧಾಮವೆಂದು ಎಲ್ಲೆಕಟ್ಟು ಹಾಕಿದ ಮಾತ್ರಕ್ಕೆ ರಣಹದ್ದು ಉಳಿಯುವುದೇ? ಅದರ ಸುತ್ತಲಿನ ಕುರುಚಲು ಕಾಡನ್ನು ಪುನಃ ಬೆಳೆಸುವುದೆಂದರೆ ಯಾವ ಕಾಲದ ಕಾಡನ್ನು ಬೆಳೆಸುವುದು? ಈ ಎರಡು ಪ್ರಶ್ನೆಗಳಲ್ಲಿ ಎರಡನೆಯದು ಚರಿತ್ರೆಯ ವಿದ್ಯಾರ್ಥಿಗೂ ಸಂಬಂಧಿಸಿದ್ದಾದುದರಿಂದ ಮೊದಲು ಅದನ್ನೇ ಪರಿಶೀಲಿಸಬಹುದು.

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮಾಗಡಿಯ ಬಳಿಯ ಸಾವನದುರ್ಗವನ್ನು ಮುತ್ತಿ ಹಿಡಿಯಿತು. ಅದರ ಬೆನ್ನಿಗೇ ಹುತ್ರಿದುರ್ಗವೂ ರಾಮಗಿರಿಯೂ ಇಂಗ್ಲಿಷರ ವಶವಾದುವು. ಆ ಯುದ್ಧವನ್ನು ಕುರಿತ ಇಂಗ್ಲಿಷ್ ಬರೆಹಗಳು ಸಾವನದುರ್ಗದ ಸುತ್ತ ಹಲವು ಮೈಲಿಗಳಷ್ಟು ದಟ್ಟವಾದ ಕಾಡು ಇದ್ದುದನ್ನೂ, ಅದನ್ನು ಮತ್ತಷ್ಟು ದುರ್ಗಮಗೊಳಿಸಲು ಬಿದಿರನ್ನು ನೆಟ್ಟು ಬೆಳೆಸಿದ್ದುದನ್ನೂ ಹೇಳುತ್ತವೆ. ಒಂಬತ್ತು ವರ್ಷಗಳ ತರುವಾಯ, 1800ರಲ್ಲಿ, ದಿವಾನ್ ಪೂರ್ಣಯ್ಯನವರು ಈ ಕಾಡುಸೀಮೆಯಲ್ಲಿ ಹೆದ್ದಾರಿಯ ಪ್ರಯಾಣಿಕರ ರಕ್ಷಣೆಗಾಗಿ ಒಂದು ಪೇಟೆಯನ್ನು ಕಟ್ಟಿಸಿ, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನು ಅದಕ್ಕೆ ಇಟ್ಟರು. ಅದೇ ಕ್ಲೋಸ್‌ಪೇಟೆ, ಇಂದಿನ ರಾಮನಗರ. ಅದೇ ವರ್ಷ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿ, ಕಾಡಿನ ಮರಗಳನ್ನು ದೇಶೀಯ ಹೆಸರುಗಳೊಡನೆಯೂ ಉಪಯೋಗಗಳೊಡನೆಯೂ ಪಟ್ಟಿ ಮಾಡಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನವು ಸಸ್ಯಪುನರುಜ್ಜೀವನದಲ್ಲಿ ತೊಡಗಿರುವವರಿಗೆ ಇಂದಿಗೂ ಉಪಯುಕ್ತ.

ಈ ಆಧಾರಗಳಿಂದ ತಿಳಿದುಬರುವುದೇನೆಂದರೆ, ಇಲ್ಲಿನ ಕಾಡು ಮನುಷ್ಯನ ಕೈ ತಾಗದ ಆದಿಮ ಅರಣ್ಯವಾಗಿ ಈ ಕಾಲಕ್ಕೆ ಇಳಿದುಬಂದುದಲ್ಲ. ಕೋಟೆಯ ಕಾವಲಿಗಾಗಿ ಅದನ್ನು ಬೆಳೆಸಿದರು. ದಾರಿಯ ಕ್ಷೇಮಕ್ಕಾಗಿ ಅದರ ನಡುವೆ ಪೇಟೆ ಕಟ್ಟಿದರು. ಅನಂತರ ಬೆಂಗಳೂರಿನ ಒಲೆಗಳಿಗೂ ರೇಷ್ಮೆಗೂಡು ಬೇಯಿಸುವ ಒಲೆಗಳಿಗೂ ಸೌದೆಯಾಗಿ ಕಡಿದರು. ದನಕುರಿಗಳ ಮೇವೂ ಬೇಸಗೆಯ ಬೆಂಕಿಯೂ ಉಳಿದುದನ್ನು ತಗ್ಗಿಸಿದುವು. ಹೀಗಿರುವಲ್ಲಿ 1791ರ ಬಿದಿರುಮೆಳೆಯನ್ನು ಆದರ್ಶವಾಗಿಟ್ಟುಕೊಂಡು ಬೆಟ್ಟವನ್ನೆಲ್ಲ ಹಸುರಾಗಿಸಹೊರಡುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಕಂದಾಯದ ದಫ್ತರಗಳಲ್ಲಿ ಉಳುಮೆಗೆ ಬಾರದ ಬಂಡೆನೆಲಕ್ಕೆ ‘ಖರಾಬು’ ಎಂಬ ಹೆಸರುಂಟು. ತೆರಿಗೆಯ ಲೆಕ್ಕಕ್ಕೆ ಆ ಮಾತು ಸರಿಯಿರಬಹುದು. ಆದರೆ ಈ ಬಗೆಯ ನೆಲವನ್ನೇ ನೆಚ್ಚಿಕೊಂಡಿರುವ ಜೀವಿಗಳು ಹಲವು. ದಕ್ಷಿಣ ಭಾರತದ ಬಂಡೆಬೆಟ್ಟಗಳ ಕುರುಚಲನ್ನು ಬಿಟ್ಟು ಪ್ರಪಂಚದ ಬೇರೆಲ್ಲಿಯೂ ವಾಸಿಸದ ಹಳದಿ ಕೊರಳಿನ ಪಿಕಳಾರ ರಾಮನಗರದ ಬೆಟ್ಟಗಳಲ್ಲಿ ಕಂಡುಬರುತ್ತದೆ. ಕರಡಿಗೆ ಬಂಡೆಯ ಪೊಟರೆಯೂ ಗೆದ್ದಲೂ ಎಲಚಿ, ಕಕ್ಕೆಗಳ ಹಣ್ಣೂ ಬೇಕು.

ತೆರೆದ ನೆಲವನ್ನು ಬರಿದಾದ ನೆಲವೆಂದು ಭಾವಿಸಿದುದರ ಫಲವನ್ನು ನಮ್ಮ ರಾಜ್ಯದಲ್ಲಿಯೇ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ನೋಡಬಹುದು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಸ್ಥಾಪಿತವಾದ ಅಲ್ಲಿನ ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆಕ್ರಮಿಸಿತು; ಬಯಲಿನ ಹುಲ್ಲನ್ನು ಮೇಯುವ ಮೃಗಕ್ಕೆ ಮರಗಳ ಸಾಲಿನಿಂದ ಪ್ರಯೋಜನವೇನು? ಇದಕ್ಕೆ ಪ್ರತಿಯಾಗಿ ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾದ ಕಲ್ಲುಗುಡ್ಡಗಳು ಕಡಿತ, ಮೇವು, ಬೆಂಕಿಗಳಿಂದ ರಕ್ಷಣೆ ದೊರೆತ ಬಳಿಕ ತಮ್ಮ ಕುರುಚಲನ್ನು ಬಹುಮಟ್ಟಿಗೆ ತಾವೇ ಮರಳಿ ಪಡೆದುವು. ಬೇರು ಉಳಿದಿದ್ದರೆ ಬಂದರಿ, ತಂಗಡಿ, ಕಾರೆ, ಕಗ್ಗಲಿ, ದಿಂಡಿಗಗಳು ತಾವಾಗಿಯೇ ಚಿಗುರುತ್ತವೆ. ಬೇರೂ ನಾಶವಾಗಿ ಲಾಂಟಾನ ಹಬ್ಬಿರುವ ಕಡೆ ಅದನ್ನು ಬುಡಸಹಿತ ಕಿತ್ತು ಸ್ಥಳೀಯ ಬೀಜವನ್ನು ಬಿತ್ತಬೇಕಾಗುತ್ತದೆ. ನೆಡುವುದೇ ಅವಶ್ಯವಾದಲ್ಲಿ, ಬಾಗಡಿಗೆ ಬಂದು ಚನ್ನಪಟ್ಟಣದ ಬೊಂಬೆಗಳಿಗೆ ಒದಗುವ ಆಲೆಮರವನ್ನು ಏಕೆ ಆರಿಸಿಕೊಳ್ಳಬಾರದು? ಒಣನೆಲಕ್ಕೆ ಒಗ್ಗಿದ ಈ ಮರ ಬೆಟ್ಟದ ತಪ್ಪಲಿನಲ್ಲಿ ಬೆಳೆದರೆ, ಹತ್ತಿರದ ಊರಿನ ಕಸುಬುದಾರರಿಗೂ ಕಾಡಿನಲ್ಲಿ ಒಂದು ಆಸಕ್ತಿ ಹುಟ್ಟುವುದು.

ಇನ್ನು ರಣಹದ್ದಿನ ವಿಷಯ. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳ ಚಾಚುಗಳಲ್ಲಿ ಗೂಡುಕಟ್ಟುವುದು ಉದ್ದ ಕೊಕ್ಕಿನ ರಣಹದ್ದು. ಅದರೊಡನೆ ಚಿಕ್ಕದಾದ ಬಿಳಿ ರಣಹದ್ದೂ ಇಲ್ಲಿ ಉಂಟು. ಬಿಳಿ ಬೆನ್ನಿನ ರಣಹದ್ದಿನ ಸಂಖ್ಯೆಯು ಭಾರತದಲ್ಲಿ 1992ರಿಂದ 2007ರೊಳಗೆ ನೂರಕ್ಕೆ 99.9ರಷ್ಟು ಕುಸಿಯಿತು, ಉದ್ದ ಕೊಕ್ಕಿನದು ನೂರಕ್ಕೆ ಸುಮಾರು 97ರಷ್ಟು. ಕಾಡು ಕಡಿದುದೂ ಬೇಟೆಯಾಡಿದುದೂ ಇದಕ್ಕೆ ಕಾರಣವಲ್ಲ. ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿಯು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಯ ಮೂತ್ರಪಿಂಡಗಳನ್ನು ಕೆಡಿಸುತ್ತದೆಂದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ 2004ರಲ್ಲಿ ಸಿದ್ಧಪಟ್ಟಿತು. ನೂರು ಹೆಣಗಳಲ್ಲಿ ಒಂದರಲ್ಲಿಯೂ ಈ ವಿಷವಿರಬೇಕಾಗಿಲ್ಲ. ಅದಕ್ಕಿಂತ ಕಡಿಮೆಯಿದ್ದರೂ ಇಷ್ಟು ದೊಡ್ಡ ನಾಶಕ್ಕೆ ಸಾಕು. ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಎರಗುವುದೇ ಇದರ ಕಾರಣ.

2006ರಲ್ಲಿ ಭಾರತ ಸರ್ಕಾರವು ಪಶುಚಿಕಿತ್ಸೆಯಲ್ಲಿ ಈ ಔಷಧಿಯನ್ನು ನಿಷೇಧಿಸಿತು. ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಪ್ರಮಾಣವನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್‌ಗಳಿಗೆ 2023ರಲ್ಲಿ ನಿಷೇಧ ಬಂದಿತು. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ದೊರೆಯುತ್ತಿರುವಾಗ ರೈತನ ದನಕ್ಕೆ ಚಿಕಿತ್ಸೆಯಿಲ್ಲದಂತಾಗುವ ಭಯಕ್ಕೆ ಕಾರಣವಿಲ್ಲ.

ಧಾಮದ ಎಲ್ಲೆಯ ಕೊರತೆ ಇಲ್ಲಿಯೇ ಗೋಚರವಾಗುವುದು. ಗಣಿಗಾರಿಕೆಯಿಂದಲೂ ಬಂಡೆಯೇರುವವರಿಂದಲೂ ಗೂಡನ್ನು ಕಾಪಾಡಲು 346 ಹೆಕ್ಟೇರುಗಳು ನಿಸ್ಸಂದೇಹವಾಗಿ ಅವಶ್ಯ. ಆದರೆ ದಿನವೊಂದಕ್ಕೆ ಹತ್ತಾರು ಮೈಲಿ ಹಾರಾಡಿ ಆಹಾರ ಹುಡುಕುವ ಹಕ್ಕಿಯ ಊಟ ಆ ಎಲ್ಲೆಯೊಳಗಿಲ್ಲ. ಅದು ಮಾಗಡಿ, ಕನಕಪುರ, ಚನ್ನಪಟ್ಟಣಗಳ ಹಳ್ಳಿಗಳ ಹೊರಗಿತ್ತು. ಹಳ್ಳಿಕಾರ್ ತಳಿಯ ಎತ್ತುಗಳಿಗೆ ಹೆಸರಾದ ಈ ಸೀಮೆಯಲ್ಲಿ ಸತ್ತ ದನವನ್ನು ಊರಾಚೆ ಒಯ್ದು, ಚರ್ಮ ಸುಲಿದ ಮೇಲೆ ಉಳಿದುದನ್ನು ಬಯಲಿನಲ್ಲಿಯೇ ಬಿಡುವುದು ವಾಡಿಕೆಯಾಗಿದ್ದಿತು. ಇಂದು ಉಳುಮೆಗೆ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗಿವೆ. ಸತ್ತುದನ್ನು ಹೂಳುವುದೇ ಹೆಚ್ಚು. ಬಿಟ್ಟ ಕಡೆಯೂ ನಾಯಿಗಳ ಪಾಲಾಗುವುದುಂಟು.

ಆದುದರಿಂದ ಬೆಟ್ಟದ ಕಾವಲಿನಷ್ಟೇ ಮುಖ್ಯವಾದುದು ಪಶುವೈದ್ಯಶಾಲೆಯ ಔಷಧಿಯ ಕಪಾಟು. ನಿಷಿದ್ಧ ಔಷಧಿ ತಾಕದೆ ಸತ್ತ ದನವೆಂದು ಖಚಿತಪಡಿಸಿಕೊಂಡು, ನಾಯಿಗಳು ಬಾರದಂತೆ ಬೇಲಿ ಹಾಕಿದ ಸ್ಥಳದಲ್ಲಿ ಇರಿಸುವ ಕ್ರಮವು ನೇಪಾಳದಲ್ಲಿ ಹಳ್ಳಿಗರ ಸಹಕಾರದಿಂದಲೇ ನಡೆದುಬಂದಿದೆ. ಇಲ್ಲಿಯೂ ಅದು ಅಸಾಧ್ಯವೆನ್ನಲು ಕಾರಣ ಕಾಣದು. ಔಷಧಿಯ ಪರೀಕ್ಷೆಯಿಲ್ಲದೆ ಕೈಕೊಂಡರೆ ಮಾತ್ರ ಅದೇ ಉರುಳಾದೀತು. ಫಲವನ್ನು ಬೇಗನೆ ನಿರೀಕ್ಷಿಸುವಂತೆಯೂ ಇಲ್ಲ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ; ಅದರಿಂದ ಹೊರಬಂದ ಮರಿಯು ತಾನೂ ಬಂಡೆಯ ಮೇಲೆ ಗೂಡುಕಟ್ಟಲು ಸುಮಾರು ಐದು ವರ್ಷಗಳು ಬೇಕು.