ಬೆಟ್ಟದ ದಾರಿಗೊಂದು ಸೈಕಲ್

ಮೊಮ್ಮಗಳು ಎಂಟನೇ ತರಗತಿಗೆ ಬಂದಳು. ಊರಿನ ಶಾಲೆ ಏಳಕ್ಕೆ ಮುಗಿಯಿತು. ಹೈಸ್ಕೂಲು ಶಿರಸಿ ಸೀಮೆಯ ನಮ್ಮ ಮನೆಯಿಂದ ನಾಲ್ಕೂವರೆ ಕಿಲೋಮೀಟರ್ ದೂರ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಸಂಜೆಯದ್ದು ತಪ್ಪಿದರೆ ನಡಿಗೆಯೇ ಗತಿ.

“ಅಜ್ಜಾ, ನಂಗೆ ಗೇರ್ ಸೈಕಲ್ ಬೇಕು” ಎಂದು ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು. ಕೆಂಪು ಬಣ್ಣ, ಮುಂದೊಂದು ಸ್ಪ್ರಿಂಗು, ಹಿಂದೊಂದು ಸ್ಪ್ರಿಂಗು, 21 ಗೇರು. ಸೊಸೆಗೆ ಮನಸ್ಸಿರಲಿಲ್ಲ. “ಮಾವಾ, ಹಳ್ಳಕ್ಕೆ ಇಳಿಯುವ ಆ ದಾರಿ ನಿಮಗೇ ಗೊತ್ತಲ್ಲ. ಅಲ್ಲಿ ಸೈಕಲ್ ನಿಲ್ಲದಿದ್ದರೆ ಏನು ಗತಿ?” ಎಂದಳು. ಅವಳ ಮಾತು ಸರಿಯಾಗಿತ್ತು. ಆ ಇಳಿಜಾರಿನಲ್ಲಿ ನಿಲ್ಲುವ ಸೈಕಲ್ ಸಿಕ್ಕರೆ ಮಾತ್ರ ಕೊಳ್ಳುವುದು, ಇಲ್ಲದಿದ್ದರೆ ಬಸ್ಸು ಎಂದು ಮೂವರೂ ಒಪ್ಪಿದೆವು. ಮೂವತ್ತೈದು ವರ್ಷ ಗಣಿತ ಕಲಿಸಿದ ಮಾಸ್ತರ ನಾನು. ಲೆಕ್ಕ ಹಾಕದೆ ಕೊಳ್ಳುವ ಅಭ್ಯಾಸ ನನಗಿಲ್ಲ.

ಮೊದಲು ದಾರಿ ನೋಡಿ

ಸೈಕಲ್ ಅಂಗಡಿಗೆ ಹೋಗುವ ಮುಂಚೆ ನಾವಿಬ್ಬರೂ ನೋಟ್‌ಬುಕ್ ಹಿಡಿದು ಶಾಲೆಯ ದಾರಿಯನ್ನು ನಡೆದೆವು. ಮನೆಯಿಂದ ಗದ್ದೆಯ ಬದುವಿನ ಮೇಲೆ 150 ಮೀಟರ್, ಅಲ್ಲಿಂದ ಹಳ್ಳಕ್ಕೆ ಕಡಿದಾದ ಇಳಿಜಾರು 250 ಮೀಟರ್, ಕೆಳಗೆ ಮರದ ಕಾಲುಸಂಕ. ಸಂಕ ದಾಟಿದರೆ ಬೇರು, ಚಿರೇಕಲ್ಲು, ತರಗೆಲೆ ತುಂಬಿದ ಬೆಟ್ಟದ ದಾರಿ 600 ಮೀಟರ್. ಆಮೇಲೆ ಕೆಮ್ಮಣ್ಣಿನ ರಸ್ತೆ ಒಂದೂವರೆ ಕಿಲೋಮೀಟರ್, ಕೊನೆಗೆ ಡಾಂಬರು ಎರಡು ಕಿಲೋಮೀಟರ್.

ಒಂದೇ ದಾರಿಯಲ್ಲಿ ಐದು ಬಗೆಯ ನೆಲ. ಡಾಂಬರಿಗೆ ಮಾಡಿದ ಸಪೂರ ಟಯರಿನ ಸೈಕಲ್ ಬೇರುಗಳ ಮೇಲೆ ಜಾರುತ್ತದೆ. ಬರೀ ಬೆಟ್ಟ ಇಳಿಯಲೆಂದು ಮಾಡಿದ ಭಾರದ ಸೈಕಲನ್ನು ಡಾಂಬರಿನಲ್ಲಿ ತುಳಿದು ಕಾಲು ಸೋಲುತ್ತದೆ. ಇವೆರಡರ ನಡುವೆ ಎಲ್ಲ ನೆಲಕ್ಕೂ ಹೊಂದಿಕೊಳ್ಳುವ ಒಂದು ಜಾತಿ ಇದೆ. ಅದರ ಹೆಸರು ಹಾರ್ಡ್‌ಟೇಲ್.

ಗಟ್ಟಿ ಬಾಲ ಅಂದರೇನು?

ಹೆಸರೇ ಹೇಳುವಂತೆ ಇದರ ‘ಬಾಲ’ ಗಟ್ಟಿ. ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಮಾತ್ರ ಕುಲುಕು ತಡೆಯುವ ಸಸ್ಪೆನ್ಷನ್ ಇರುತ್ತದೆ. ಹಿಂದೆ ಏನೂ ಇಲ್ಲ. “ಎರಡು ಸ್ಪ್ರಿಂಗ್ ಇದ್ದರೆ ಇನ್ನೂ ಒಳ್ಳೆಯದಲ್ವಾ ಅಜ್ಜಾ?” ಎಂದು ಮೊಮ್ಮಗಳು ಕೇಳಿದಳು. ನಿಮಗೂ ಹಾಗೇ ಅನ್ನಿಸಬಹುದು.

ಒಳ್ಳೆಯ ಜೋಡಿ ಸಸ್ಪೆನ್ಷನ್ ಸೈಕಲ್‌ಗಳು ಇವೆ, ಬೆಲೆ ಲಕ್ಷ ದಾಟುತ್ತದೆ. ಹತ್ತು-ಹದಿನೈದು ಸಾವಿರದ ಸೈಕಲ್‌ಗೆ ಹಿಂದೆಯೂ ಸ್ಪ್ರಿಂಗ್ ಹಾಕಿದರೆ ಆ ಹಣ ಬೇರೆಲ್ಲೋ ಕಡಿತವಾಗಲೇಬೇಕು. ಸಾಮಾನ್ಯವಾಗಿ ಅದು ಬ್ರೇಕಿನಲ್ಲಿ, ಚಕ್ರದಲ್ಲಿ ಕಡಿತವಾಗುತ್ತದೆ. ಸಾಲದ್ದಕ್ಕೆ ಪೆಡಲ್ ತುಳಿದಾಗೆಲ್ಲ ಹಿಂದಿನ ಸ್ಪ್ರಿಂಗು ಕುಣಿದು ನಿಮ್ಮ ಕಾಲಿನ ಶಕ್ತಿಯಲ್ಲಿ ಸ್ವಲ್ಪ ನುಂಗುತ್ತದೆ. ಹಿಂಬದಿಯ ಕೀಲುಗಳಿಗೆ ಮಣ್ಣು-ನೀರು ಹೊಕ್ಕು ಸಡಿಲವಾಗುತ್ತವೆ. ಭಾರವಂತೂ ಸರಿಯೇ ಸರಿ.

ಭಾರದ ವಿಷಯ ನಮಗೆ ಮುಖ್ಯವಾಗಿತ್ತು. ಕಾಲುಸಂಕದ ಮೇಲೆ ಸೈಕಲ್ ಹೊಡೆಯುವಂತಿಲ್ಲ, ಎತ್ತಿಕೊಂಡೇ ದಾಟಬೇಕು. ಹುಬ್ಬಳ್ಳಿಗೆ ಹೊರಟಾಗ ಅಡಿಕೆ ಮೂಟೆ ತೂಗುವ ಕೊಕ್ಕೆ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡೆ. ಅಂಗಡಿಯವರು ನಕ್ಕರೂ ತೂಗಲು ಬಿಟ್ಟರು. ಜೋಡಿ ಸ್ಪ್ರಿಂಗಿನದ್ದು 19 ಕಿಲೋ, ಪಕ್ಕದ ಹಾರ್ಡ್‌ಟೇಲ್ 14 ಕಿಲೋ. ಮೊಮ್ಮಗಳ ತೂಕವೇ 38 ಕಿಲೋ. ಎರಡನ್ನೂ ಅವಳಿಂದಲೇ ಎತ್ತಿಸಿದೆ. ಕೆಂಪು ಸೈಕಲ್‌ನ ಆಸೆ ಅಲ್ಲೇ ಇಳಿಯಿತು.

ಬ್ರೇಕಿನ ಹೊಗೆಯಿಂದ ಬಂದ ಹೆಸರು

ಬೆಟ್ಟದ ಸೈಕಲ್ ಹುಟ್ಟಿದ ಕಥೆಯಲ್ಲೂ ಒಂದು ಇಳಿಜಾರು ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಕೌಂಟಿ ಎಂಬ ಗುಡ್ಡಗಾಡು ಸೀಮೆ. 1970ರ ದಶಕದಲ್ಲಿ ಅಲ್ಲಿನ ಯುವಕರು ದಪ್ಪ ಟಯರಿನ ಹಳೇ ಕಾಲದ ಸೈಕಲ್‌ಗಳನ್ನು ಹುಡುಕಿ ತಂದು ಮಣ್ಣಿನ ದಾರಿಯಲ್ಲಿ ಇಳಿಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವಕ್ಕೆ. ಸುಮಾರು ಮೂರೂವರೆ ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಕೆಳಗಿಳಿಯುವ ಒಂದು ದಾರಿಯಲ್ಲಿ ಆ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸ್ ಸುಟ್ಟು ಹೊಗೆ ಏಳುತ್ತಿತ್ತು. ಇಳಿದ ಮೇಲೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗಾಗಿ ಆ ದಾರಿಗೆ ‘ರೀಪ್ಯಾಕ್’, ಅಂದರೆ ‘ಮತ್ತೆ ತುಂಬು’ ಎಂದೇ ಹೆಸರಾಯಿತು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಮರುವರ್ಷ ಜೋ ಬ್ರೀಝ್ ಎಂಬಾತ ಇಂಥ ದಾರಿಗೆಂದೇ ಹೊಸ ಫ್ರೇಮ್ ಕಟ್ಟಿದ. 1996ರಲ್ಲಿ ಅಟ್ಲಾಂಟಾದಲ್ಲಿ ಬೆಟ್ಟದ ಸೈಕಲ್ ಓಟ ಒಲಿಂಪಿಕ್ಸ್ ಸೇರಿತು.

ಅಂದಿನ ತೊಂದರೆಗೆ ಇಂದಿನ ಉತ್ತರ ಡಿಸ್ಕ್ ಬ್ರೇಕ್. ನಮ್ಮ ಕಾಲದ ಕರಿ ಸೈಕಲ್‌ನಲ್ಲಿ ರಬ್ಬರ್ ಗುಂಡುಗಳು ರಿಮ್ಮನ್ನು ಒತ್ತಿ ಹಿಡಿಯುತ್ತಿದ್ದವು. ರಿಮ್ಮಿಗೆ ಕೆಸರು ಮೆತ್ತಿದರೆ ಹಿಡಿತ ಹೋಯಿತು. ಡಿಸ್ಕ್ ಇರುವುದು ಚಕ್ರದ ನಡುವೆ, ಕೆಸರಿನಿಂದ ಮೇಲೆ. ಇದರಲ್ಲೂ ಎರಡು ಬಗೆ: ತಂತಿ ಎಳೆಯುವುದು, ಎಣ್ಣೆ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್. ತಂತಿಯದ್ದು ಅಗ್ಗ, ಹಳ್ಳಿಯಲ್ಲೇ ರಿಪೇರಿಯಾಗುತ್ತದೆ. ಎಣ್ಣೆಯದ್ದು ಎರಡು ಬೆರಳು ಒತ್ತಿದರೆ ಸಾಕು, ಹಿಡಿಯುತ್ತದೆ. ಸಣ್ಣ ಕೈಯ ಮಕ್ಕಳಿಗೆ ಅದೇ ಮೇಲು. ಬ್ರೇಕ್ ಹಿಡಿಕೆ ಮಗುವಿನ ಬೆರಳಿಗೆ ದೂರವಾದರೆ ಹತ್ತಿರ ತರಲು ಒಂದು ಸಣ್ಣ ಸ್ಕ್ರೂ ಇರುತ್ತದೆ. ಕೇಳಿ ತಿರುಗಿಸಿಕೊಳ್ಳಿ.

ಸ್ಪ್ರಿಂಗು ಮಗುವಿನ ಮಾತು ಕೇಳುತ್ತದೆಯೇ?

ಮುಂದಿನ ಫೋರ್ಕು ಎಷ್ಟು ಕುಗ್ಗಬಲ್ಲದು ಎಂಬುದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಸಾಧಾರಣ ದಾರಿಗೆ 100 ಮಿ.ಮೀ., ಒರಟು ಬೆಟ್ಟಕ್ಕೆ 120ರಿಂದ 140. ನಮ್ಮ ದಾರಿಗೆ ನೂರು ಸಾಕು. ಆದರೆ ಅಂಕಿಗಿಂತ ಮುಖ್ಯವಾದದ್ದು ಬೇರೆಯೇ ಇದೆ. ದೊಡ್ಡವರ ತೂಕಕ್ಕೆ ಮಾಡಿದ ಗಟ್ಟಿ ಸ್ಪ್ರಿಂಗು 38 ಕಿಲೋದ ಹುಡುಗಿಗೆ ಅಲುಗುವುದೇ ಇಲ್ಲ. ಆಗ ಅದು ಸ್ಪ್ರಿಂಗಲ್ಲ, ಬರೀ ಭಾರ.

ನೋಡುವ ಉಪಾಯ ಸುಲಭ. ಫೋರ್ಕಿನ ನಯವಾದ ಕಾಲಿಗೆ ಒಂದು ತೆಳು ರಬ್ಬರ್ ಬ್ಯಾಂಡ್ ಕಟ್ಟಿ, ಕೆಳಗಿನ ಅಂಚಿಗೆ ತಾಗಿಸಿ. ಮಗು ಗೋಡೆ ಹಿಡಿದು ಮೆಲ್ಲಗೆ ಸೈಕಲ್ ಏರಿ ಕೂತು ಇಳಿಯಲಿ. ಬ್ಯಾಂಡ್ ಎಷ್ಟು ಮೇಲೆ ಸರಿಯಿತು ಎಂದು ಅಳೆಯಿರಿ. 100 ಮಿ.ಮೀ. ಫೋರ್ಕಿನಲ್ಲಿ ಎರಡು ಸೆಂಟಿಮೀಟರಿನಷ್ಟು ಸರಿದರೆ ಹದ ಸರಿ. ಮೊದಲು ನೋಡಿದ ಸೈಕಲ್‌ನಲ್ಲಿ ಬ್ಯಾಂಡ್ ಇದ್ದಲ್ಲೇ ಇತ್ತು. ಇನ್ನೊಂದರಲ್ಲಿ ಸ್ಪ್ರಿಂಗಿನ ಬದಲು ಗಾಳಿ. ಅಂಗಡಿಯ ಹುಡುಗ ಪಂಪಿನಿಂದ ಗಾಳಿ ಕಡಿಮೆ ಮಾಡಿ ಅವಳ ತೂಕಕ್ಕೆ ಹೊಂದಿಸಿಕೊಟ್ಟ. ತೂಕ ಹೆಚ್ಚಿದಂತೆ ಗಾಳಿಯನ್ನೂ ಹೆಚ್ಚಿಸಬಹುದು.

ಚಕ್ರ, ಟಯರ್ ಮತ್ತು ಸ್ವಲ್ಪ ಗಣಿತ

ಬೆಟ್ಟದ ಸೈಕಲ್ ಚಕ್ರ ಮೂರು ಅಳತೆಯಲ್ಲಿ ಸಿಗುತ್ತದೆ: 26, 27.5, 29 ಇಂಚು. ದೊಡ್ಡ ಚಕ್ರ ಕಲ್ಲು-ಬೇರುಗಳನ್ನು ಸಲೀಸಾಗಿ ಹತ್ತಿ ಇಳಿಯುತ್ತದೆ. ಸಣ್ಣ ಚಕ್ರ ಸಣ್ಣ ಮೈಗೆ ಬಗ್ಗುತ್ತದೆ, ತಿರುವಿನಲ್ಲಿ ಬೇಗ ತಿರುಗುತ್ತದೆ. ಇವಳ ಎತ್ತರಕ್ಕೆ 27.5 ಸರಿಹೋಯಿತು. ಟಯರಿನ ಅಗಲ 2.1ರಿಂದ 2.4 ಇಂಚಿನೊಳಗೆ ಇದ್ದರೆ ಮಣ್ಣಿಗೂ ಆಯಿತು, ಡಾಂಬರಿಗೂ ಆಯಿತು. ಗಾಳಿ ಎಷ್ಟಿರಬೇಕು ಎಂಬುದು ಟಯರಿನ ಪಕ್ಕದಲ್ಲೇ ಬರೆದಿರುತ್ತದೆ. ಬೇರಿನ ದಾರಿಗೆ ಆ ಮಿತಿಯ ಕೆಳತುದಿ, ಡಾಂಬರಿಗೆ ಸ್ವಲ್ಪ ಹೆಚ್ಚು. ತೀರಾ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಪಂಕ್ಚರ್ ಆಗುತ್ತದೆ.

ಈಗ ಗೇರು. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21. ಆದರೆ ಅವುಗಳಲ್ಲಿ ಹಲವು ಒಂದರಂತೆ ಇನ್ನೊಂದು. ನಾವು ನೋಡಿದ ಸೈಕಲ್‌ನಲ್ಲಿ ಮುಂದೆ ಒಂದೇ, ಹಿಂದೆ ಒಂಬತ್ತು. ಮುಂದಿನದರಲ್ಲಿ 32 ಹಲ್ಲು. ಹಿಂದಿನ ಅತಿ ದೊಡ್ಡದರಲ್ಲಿ 42, ಅತಿ ಚಿಕ್ಕದರಲ್ಲಿ 11. ಮಕ್ಕಳೇ, ಭಾಗಿಸಿ ನೋಡಿ. 32ನ್ನು 42ರಿಂದ ಭಾಗಿಸಿದರೆ ಸುಮಾರು ಮುಕ್ಕಾಲು. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಮುಕ್ಕಾಲು ಸುತ್ತು ಮಾತ್ರ. ಏರಿನಲ್ಲಿ ಕಾಲಿಗೆ ಹಗುರ. 32ನ್ನು 11ರಿಂದ ಭಾಗಿಸಿದರೆ ಸುಮಾರು ಮೂರು. ಅದು ಡಾಂಬರಿನ ಓಟಕ್ಕೆ. ಮನೆಯ ಹಳೆಯ ಕರಿ ಸೈಕಲ್‌ನಲ್ಲಿ ಎಣಿಸಿದೆವು: ಮುಂದೆ 44, ಹಿಂದೆ 18. ಏರಿಗೂ ಅದೇ, ಇಳಿತಕ್ಕೂ ಅದೇ. ಆ ಬೆಟ್ಟದಲ್ಲಿ ನಾನು ಸೈಕಲ್ ತಳ್ಳಿದ್ದೇ ಹೆಚ್ಚು ಏಕೆ ಎಂಬುದು ಮೊಮ್ಮಗಳಿಗೆ ಆಗ ತಿಳಿಯಿತು.

ಸೈಕಲ್ ಯೂನಿಫಾರ್ಮ್ ಅಲ್ಲ

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಯೂನಿಫಾರ್ಮನ್ನು ನಾವು ಎರಡು ಅಳತೆ ದೊಡ್ಡದಾಗಿ ಹೊಲಿಸಿ ಮಡಿಚಿ ಹಾಕುತ್ತೇವೆ. ಬೆಳೆಯುವ ಮಕ್ಕಳು ತಾನೆ! ಸೈಕಲ್‌ಗೆ ಈ ಲೆಕ್ಕ ಬೇಡ. ದೊಡ್ಡ ಸೈಕಲ್‌ನಲ್ಲಿ ಮಗುವಿನ ಕಾಲು ಗಾಬರಿಯಲ್ಲಿ ನೆಲಕ್ಕೆ ಸಿಗುವುದಿಲ್ಲ. ಸೈಕಲ್ ನಡುವೆ ನಿಂತಾಗ ಎರಡೂ ಪಾದ ಪೂರ್ತಿ ನೆಲದಲ್ಲಿರಬೇಕು. ಮೇಲಿನ ಕೊಳವೆಗೂ ಮೈಗೂ ನಡುವೆ ಮೂರು-ನಾಲ್ಕು ಬೆರಳಿನ ಜಾಗ ಬೇಕು. ಸೀಟಿನ ಎತ್ತರ ನೋಡಲು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ, ಕಾಲು ನೇರವಾದರೆ ಸರಿ. ಕಡಿದಾದ ಇಳಿತಕ್ಕೆ ಸೀಟನ್ನು ತುಸು ತಗ್ಗಿಸಬೇಕು. ಬೆಳೆಯುವ ಮಕ್ಕಳಿಗೆ ಸೀಟು ಏರಿಸಲು ಜಾಗ ಇರುತ್ತದೆ. ಫ್ರೇಮ್ ಕುಗ್ಗಿಸಲು ಆಗುವುದಿಲ್ಲ.

ಅಜ್ಜಿಯ ಹಪ್ಪಳದ ಹಣ

ಎಲ್ಲ ಲೆಕ್ಕಕ್ಕೂ ಹೊಂದಿದ ಸೈಕಲ್‌ಗೆ 38 ಸಾವಿರ. ನನ್ನ ಪೆನ್ಷನ್ನಿನಲ್ಲಿ ತೆಗೆದಿಟ್ಟದ್ದು 32 ಸಾವಿರ. ಫೋನ್ ಮಾಡಿದೆ. ಮನೆಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಲಸಿನ ಹಪ್ಪಳ ಮಾರಿದ ಆರು ಸಾವಿರ ನನ್ನ ಹತ್ರ ಇದ್ದು. ನಿಲ್ಲೋ ಸೈಕಲ್ಲೇ ತಗಳಿ” ಎಂದಳು.

ಸೈಕಲ್ ಮನೆಗೆ ಬಂದಾಗ ಮೊದಲು ಅದನ್ನು ಸುತ್ತಿ ನೋಡಿದವಳೂ ಅವಳೇ. “ಇದಕ್ಕೆ ಮಡ್‌ಗಾರ್ಡ್ ಎಲ್ಲಿ? ಸ್ಟ್ಯಾಂಡ್ ಎಲ್ಲಿ? ಗಂಟೆ?” ಅವಳ ಪ್ರಶ್ನೆ ನಿಮಗೂ ಇರಲಿ. ಬೆಟ್ಟದ ಸೈಕಲ್‌ಗಳ ಜೊತೆ ಇವು ಸಾಮಾನ್ಯವಾಗಿ ಬರುವುದಿಲ್ಲ. ಹೆಲ್ಮೆಟ್, ದೀಪ, ಗಂಟೆ, ಮಡ್‌ಗಾರ್ಡ್, ಪಂಪು, ಪಂಕ್ಚರ್ ಸಾಮಾನು ಇವಕ್ಕೆಂದು ಹಣ ಬೇರೆ ಇಟ್ಟುಕೊಳ್ಳಿ. ಹೆಲ್ಮೆಟ್ ಇಲ್ಲದೆ ಸೈಕಲ್ ಅಂಗಳ ದಾಟಕೂಡದು ಎಂಬುದು ನಮ್ಮ ಮನೆಯ ನಿಯಮ.

ಹೊಸ ಡಿಸ್ಕ್ ಬ್ರೇಕು ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಸಪಾಟು ರಸ್ತೆಯಲ್ಲಿ ವೇಗ ತೆಗೆದುಕೊಂಡು, ಮೆಲ್ಲಗೆ ಬ್ರೇಕ್ ಒತ್ತಿ ನಿಧಾನಿಸುವುದನ್ನು ಇಪ್ಪತ್ತು-ಮೂವತ್ತು ಸಲ ಮಾಡಿ ಅದನ್ನು ಪಳಗಿಸಬೇಕು. ಯಾವ ಕೈಯ ಹಿಡಿಕೆ ಯಾವ ಚಕ್ರದ್ದು ಎಂದೂ ಆಗಲೇ ನೋಡಿಕೊಳ್ಳಬೇಕು. ಡಿಸ್ಕಿಗೆ ಎಣ್ಣೆ ತಾಗಿಸಬಾರದು. ಇಳಿದ ಕೂಡಲೇ ಮುಟ್ಟಲೂಬಾರದು, ಸುಡುತ್ತದೆ.

ಒಂದು ವಾರ ಪಳಗಿಸಿದ ಮೇಲೆ ಹಳ್ಳದ ಇಳಿಜಾರಿಗೆ ಹೋದೆವು. ಸೊಸೆ ಕೆಳಗೆ ಸಂಕದ ಹತ್ತಿರ ನಿಂತಳು. ಮೊಮ್ಮಗಳು ಸೀಟು ತಗ್ಗಿಸಿ, ಮೈಯನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕನ್ನು ಹದವಾಗಿ ಒತ್ತುತ್ತ ಇಳಿದಳು. ನಡುದಾರಿಯಲ್ಲಿ ಅವಳಮ್ಮ “ನಿಲ್ಲು!” ಎಂದು ಕೂಗಿದಳು. ಸೈಕಲ್ ನಿಂತಿತು. ಇನ್ನೊಮ್ಮೆ ಇಳಿಸಿ, ಇನ್ನೊಮ್ಮೆ ಕೂಗಿದಳು. ಮತ್ತೆ ನಿಂತಿತು. ಮೂರನೆಯ ಸಲ ಅವಳು ಕೂಗಲಿಲ್ಲ.

ಈಗ ಆರು ತಿಂಗಳಾಯಿತು. ಜೋರು ಮಳೆಯ ದಿನಗಳಲ್ಲಿ ಸೈಕಲ್ ಜಗಲಿಯಲ್ಲಿಯೇ ಇರುತ್ತದೆ, ಹುಡುಗಿ ಬಸ್ಸಿನಲ್ಲಿ. ಉಳಿದ ದಿನ ಸಂಕದ ಈಚೆಗೆ ಇಳಿದು, ಎತ್ತಿಕೊಂಡು ದಾಟಿ, ಆಚೆಗೆ ಹತ್ತುತ್ತಾಳೆ. ಭಾನುವಾರ ಚೈನು ಒರೆಸಿ ಎಣ್ಣೆ ಬಿಡುವುದು, ಬ್ರೇಕಿನ ಪ್ಯಾಡು ಎಷ್ಟು ಸವೆದಿದೆ ಎಂದು ನೋಡುವುದು ಅವಳದೇ ಕೆಲಸ. ಆರನೇ ತರಗತಿಯ ತಮ್ಮ ಆಗಾಗ ಸೈಕಲ್ ನಡುವೆ ನಿಂತು ಅಳತೆ ನೋಡುತ್ತಾನೆ. ಅವನ ಹಿಮ್ಮಡಿ ಇನ್ನೂ ನೆಲಕ್ಕೆ ತಾಗುವುದಿಲ್ಲ.